ಬಾ ಅನ್ನದೆ ಒಳಗೆ ಬಾರದವನು

ಆ ಭಾನುವಾರ ಮಧ್ಯಾಹ್ನ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಣ್ಣ ಬರುವ ಹೊತ್ತು. ಭೀಮರಾಯನಗುಡಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ ಅವನು ವಾರಕ್ಕೊಮ್ಮೆ ಶಹಾಪುರಕ್ಕೆ ಬಂದು ಅವ್ವನ ಬಿಪಿ ಗುಳಿಗೆ ಕೊಟ್ಟು ಹೋಗುತ್ತಿದ್ದ. ಕೈಗೆ ಕೊಡುತ್ತಿರಲಿಲ್ಲ. ಹೊಸ್ತಿಲಿನ ಆಚೆ ಈಚೆ ನಿಂತು ಏನನ್ನೂ ಕೊಟ್ಟು ತೆಗೆದುಕೊಳ್ಳಬಾರದು ನಮ್ಮಲ್ಲಿ. ಹಾಗಾಗಿ ಕಟ್ಟೆಯ ಮೇಲಿಟ್ಟು, "ಇಟ್ಟೀನಿ" ಎಂದು ಕೂಗಿ, ಗಾಡಿ ತಿರುಗಿಸುತ್ತಿದ್ದ. ಅಣ್ಣ ಅಪ್ಪನ ಹೊಲ ಮಾರುವ ಮಾತು ತೆಗೆದ ದಿನ ಅವ್ವ "ನನ್ನ ಹೊಸ್ತಿಲ ತುಳೀಬ್ಯಾಡ" ಅಂದಿದ್ದಳು. ಹೊಲ ಮಾರಲಿಲ್ಲ, ಮಾತು ಮಾತ್ರ ಉಳಿಯಿತು. ಇಬ್ಬರ ಹಟದ ನಡುವೆ ನಾನು ಅಡಕತ್ತರಿಗೆ ಸಿಕ್ಕಿದ್ದೆ.

ಹೊತ್ತು ಹೋಗಲೆಂದು ಟಿ.ವಿ. ಹಚ್ಚಿದೆ. ಯಾವುದೋ ಹಳೆಯ ಇಂಗ್ಲಿಷ್ ಪಿಚ್ಚರ್, ಮಾತು ಹಿಂದಿಯಲ್ಲಿ. ರಕ್ತ ಹೀರುವ ದೆವ್ವದ ಪಿಚ್ಚರ್ ನಾನು ನೋಡಿದ್ದು ಅದೇ ಮೊದಲು. ನನಗೆ ಗೊತ್ತಿದ್ದ ದೆವ್ವಗಳೆಲ್ಲ ಕೂದಲು ಬಿಟ್ಟುಕೊಂಡು ಬರುವವು. ಇದು ಮದುಮಗನಂತೆ ಕೋಟು ಹಾಕಿ, ಎಣ್ಣೆ ಹಚ್ಚಿ ತಲೆ ಬಾಚಿಕೊಂಡಿತ್ತು. ನಗು ಬಂತು. ಅದು ಒಂದು ಮನೆಯ ಬಾಗಿಲಿಗೆ ಬಂದು ಸುಮ್ಮನೆ ನಿಂತಾಗ ಮಾತ್ರ ನಗಲಾಗಲಿಲ್ಲ.

ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದ ಅವ್ವ ಕೇಳಿದಳು, "ಅಂವ ಯಾಕ ಹೊರಗ ನಿಂತಾನ?"

"ಮನಿಯವರು ಬಾ ಅನ್ನೂತನಕ ಅದು ಒಳಗ ಬರಂಗಿಲ್ಲಂತ."

ಪಿಚ್ಚರಿನ ಹುಡುಗಿ ಒಳಗೆ ಕರೆದೇಬಿಟ್ಟಳು. "ಕೆಟ್ಟಳು ನೋಡು" ಎಂದೆ. ಅವ್ವನಿಗೆ ಸಿಟ್ಟು ಬಂತು.

"ಬಾಗಿಲಿಗೆ ಬಂದವರಿಗೆ ಬರ್ರಿ ಅಂದ್ರ ಅದೇನು ತಪ್ಪು? ಹುಡುಗಿ ಛಲೋ ಮನೆತನದಾಕಿ."

ಅವ್ವನೂ ಅಂಥವಳೇ. ಬಳೆಗಾರ, ಮೀಟರ್ ನೋಡುವವ, ವಿಳಾಸ ತಪ್ಪಿ ಬಂದವ, ಯಾರೇ ಬರಲಿ, ಒಳಗೆ ಕರೆದು ಚಾ ಕುಡಿಸದೆ ಬಿಡುವವಳಲ್ಲ. ನನಗೆ ತಡೆಯಲಾಗಲಿಲ್ಲ.

"ದೆವ್ವಕ್ಕೂ ಬರ್ರಿ ಅಂತಿ. ಹೆತ್ತ ಮಗಗ ಅನ್ನಂಗಿಲ್ಲ."

ಅವ್ವನ ಕೈಯಿಂದ ಸಿಪ್ಪೆ ಕಾಳಿನ ತಟ್ಟೆಗೆ ಬೀಳತೊಡಗಿತು. ಇನ್ನು ಇವತ್ತು ಗುಳಿಗೆಯನ್ನೂ ಮುಟ್ಟುವುದಿಲ್ಲವೇನೋ ಎಂದು ನನ್ನ ಜೀವ ಹೊಡೆದುಕೊಳ್ಳುತ್ತಿತ್ತು. ಎದ್ದೆ, ಕೂತೆ, ಟಿ.ವಿ. ಸದ್ದು ಕಡಿಮೆ ಮಾಡಿದೆ.

ಗಾಡಿಯ ಸಪ್ಪಳ ಕೇಳಿತು. ನಾನು ಏಳುವ ಮೊದಲೇ ಅವ್ವ ಬಾಗಿಲಲ್ಲಿದ್ದಳು. ಅಣ್ಣ ಗುಳಿಗೆ ಇಡಲು ಕಟ್ಟೆಗೆ ಬಗ್ಗಿದ್ದ.

"ಇನ್ನೂ ಎಷ್ಟು ದಿನ ಹೊರಗ ನಿಂದರ್ತಿ?"

"ನೀ ಬಾ ಅನ್ನೂತನಕ," ಅಂದ, ತಲೆ ಎತ್ತದೆ.

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅನ್ನು, ಅವ್ವಾ, ಅನ್ನು ಎಂದು ನಾನು ಒಳಗೊಳಗೇ ಬೇಡಿಕೊಂಡೆ.

"ಬಾ. ರೊಟ್ಟಿ ಆರತಾವ."

ಅಣ್ಣ ಚಪ್ಪಲಿ ಬಿಟ್ಟು, ಹೊಸ್ತಿಲನ್ನು ಕೈಯಿಂದ ಮುಟ್ಟಿ, ದಾಟಿ ಬಂದ. ಗೋಡೆಗೆ ಆತು ಕೂತು ಅತ್ತ ಇತ್ತ ನೋಡಿದ. ಆಮೇಲೆ ಮೆಲ್ಲಗೆ ನನ್ನನ್ನು ಕೇಳಿದ, "ಕುಡಿಯೂ ನೀರು ಈಗ ಎಲ್ಲಿ ಇಡ್ತೀರಿ?"

ತಾನು ಹುಟ್ಟಿದ ಮನೆಯಲ್ಲಿ. ಅಷ್ಟೊತ್ತು ಗಟ್ಟಿಯಾಗಿದ್ದ ಅವ್ವ ಗೋಡೆಯ ಕಡೆ ಮುಖ ಮಾಡಿಕೊಂಡು ಅತ್ತುಬಿಟ್ಟಳು.