ಸುಳಿಯೂರಿನ ಮೂರನೆಯ ಮುತ್ತಿಗೆ

ನನ್ನದೊಂದು ಊರಿದೆ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಎಷ್ಟು ಹೊತ್ತು ನಿಂತರೂ ಆ ಊರಿನ ಬಸ್ಸು ಬರುವುದಿಲ್ಲ. ಅರವತ್ತು ದಾಟಿದ, ಇತಿಹಾಸದಲ್ಲಿ ಎಂ.ಎ. ಮಾಡಿದ, ಹನೂರಿನ ಕಾಲೇಜಿನಲ್ಲಿ ಮೂವತ್ತು ವರ್ಷ ‘ಆಧಾರ ಎಲ್ಲಿ?’ ಎಂದು ಹುಡುಗರ ಜೀವ ತಿಂದ ಮನುಷ್ಯ ಇಲ್ಲದ ಊರಿಗೆ ಕೋಟೆ ಕಟ್ಟುತ್ತಾ ಕೂರುತ್ತಾನೆ ಎಂದರೆ ನೀವು ನಗಬಹುದು. ನಕ್ಕುಬಿಡಿ. ಆಮೇಲೆ ಕೇಳಿ, ಏಕೆಂದರೆ ಈ ವರ್ಷ ಆ ಊರು ಒಂದು ಯುದ್ಧ ಗೆದ್ದಿದೆ.

ಊರಿನ ಹೆಸರು ಸುಳಿಯೂರು, ಹೊಳೆಯ ಹೆಸರು ಬೆಳ್ಳಿಹೊಳೆ. ಸುವರ್ಣಾವತಿ ಹರಿಯುವ ಸೀಮೆಯ ಹುಡುಗ, ಚಿನ್ನ ಆಗಲೇ ಖರ್ಚಾಗಿದೆಯೆಂದು ಬೆಳ್ಳಿಗೆ ಇಳಿದಿರಬೇಕು. ‘ಇರಬೇಕು’ ಎನ್ನುತ್ತೇನೆ, ನನ್ನ ನೆನಪಿನ ಮೇಲೆ ನನಗೇ ಅಷ್ಟು ಭರವಸೆಯಿಲ್ಲ. ಊರನ್ನು ಮೊದಲು ಬರೆದದ್ದು ಎಂಟನೆಯ ವಯಸ್ಸಿನಲ್ಲೋ ಹತ್ತರಲ್ಲೋ ಗೊತ್ತಿಲ್ಲ. ಯಾವುದರ ಮೇಲೆ ಎನ್ನುವುದು ಮಾತ್ರ ಗೊತ್ತು: ಅಪ್ಪನ ಗ್ರಾಫ್ ಹಾಳೆಯ ಮೇಲೆ. ಅಪ್ಪ ರೇಷ್ಮೆ ಮಗ್ಗಗಳಿಗೆ ಸೀರೆಯ ಅಂಚು, ಸೆರಗು ಬರೆದುಕೊಡುತ್ತಿದ್ದರು. ಹಾಳೆಯಲ್ಲಿ ಕೆಂಪು ತುಂಬಿದ ಪ್ರತಿ ಚೌಕಕ್ಕೂ ಮಗ್ಗದ ರಟ್ಟಿನ ಕಾರ್ಡಿನಲ್ಲಿ ಒಂದು ತೂತು. ತೂತಿದ್ದ ಕಡೆ ಎಳೆ ಮೇಲೇಳುತ್ತದೆ, ಹೂವು ಮೂಡುತ್ತದೆ. ಒಂದು ಚೌಕ ತುಂಬಲು ಮರೆತರೆ ಆ ತಪ್ಪು ಸೀರೆಯ ಉದ್ದಕ್ಕೂ ಗೇಣಿಗೊಮ್ಮೆ ಬಂದು ಹಲ್ಲು ಕಿರಿಯುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಸುಳ್ಳು ಹೇಳಿದರೆ ಒಂದೇಟು, ಚೌಕ ಬಿಟ್ಟರೆ ಎರಡು. ಕೆಟ್ಟ ಹಾಳೆಗಳು ನನ್ನ ಪಾಲಿಗೆ ಬಂದವು, ಸೀರೆಯ ಅಂಚು ನನ್ನ ಕೈಯಲ್ಲಿ ಕೋಟೆಗೋಡೆಯಾಯಿತು. ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಎರಡೂ ಒಳಗಿನದು ಬಿಚ್ಚಿಹೋಗದಂತೆ ಹಿಡಿದುಕೊಳ್ಳುತ್ತವೆ.

ನಾನು ಕಟ್ಟುತ್ತಿದ್ದೆ, ಅಕ್ಕ ಬೀಳಿಸುತ್ತಿದ್ದಳು. ರತ್ನಕ್ಕ ನನಗಿಂತ ಐದು ವರ್ಷ ದೊಡ್ಡವಳು. ಆಟದ ನಿಯಮ ಇಷ್ಟೇ: ಅವಳಿಗೆ ಮೂರು ದಾಳಿ, ಹೇಗೆ ನುಗ್ಗುತ್ತೇನೆಂದು ಅವಳು ಹೇಳಬೇಕು, ಹೇಗೆ ತಡೆಯುತ್ತೇನೆಂದು ನಾನು ಹೇಳಬೇಕು. ನನ್ನ ನೆನಪಿನ ಪ್ರಕಾರ ಸುಳಿಯೂರು ಪ್ರತಿಸಲವೂ ಮೂರನೆಯ ದಾಳಿಗೆ ಬಿತ್ತು, ಪ್ರತಿಸಲವೂ ಅಕ್ಕ ಮೋಸ ಮಾಡಿದಳು.

ಈ ವರ್ಷ ಅಕ್ಕನಿಗೆ ಮಂಡಿ ಆಪರೇಷನ್ ಆಯಿತು. ಡಾಕ್ಟರು ನಡೆಯಿರಿ ಎಂದರು, ಅಕ್ಕ ಕೂತಳು. ನೇಕಾರರ ಬೀದಿಯ ತನ್ನ ಮನೆಯ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಆರು ವಾರ ಕೂತಳು. ನಡೆಯಲು ತಂದ ವಾಕರ್ ಮೇಲೆ ಟವೆಲು ಒಣಗುತ್ತಿತ್ತು. ಇನ್ನು ಹದಿನೈದು ದಿನ ಹೀಗೇ ಬಿಟ್ಟರೆ ಮಂಡಿ ಬಿಗಿದುಕೊಳ್ಳುತ್ತದೆ, ಆಮೇಲೆ ತಮ್ಮ ಕೈಯಲ್ಲೂ ಏನಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅಕ್ಕನ ಸೊಸೆ ಶಶಿಕಲಾ ನನಗೆ ತಿಳಿಸಿದಳು. “ಮಾವ, ನೀವಾರ ಏಳ್ಸಿ. ನಾ ಯೋಳುದ್ರೆ ಮಗ್ಗದ್ ಸದ್ದಲ್ಲಿ ಕೇಳ್ನಿಲ್ಲ ಅಂತಾರೆ.”

ನಾನು ಅಕ್ಕನ ಮುಂದೆ ಕಾರಣಗಳನ್ನಿಟ್ಟೆ, ಎಕ್ಸ್‌ರೇ ಎತ್ತಿ ಹಿಡಿದೆ, ಹನೂರಿನಲ್ಲಿ ಇದೇ ಆಪರೇಷನ್ ಆಗಿ ಈಗ ಸಂತೆಗೆ ಹೋಗಿಬರುವ ಹೆಂಗಸಿನ ಉದಾಹರಣೆ ಕೊಟ್ಟೆ. ಅಕ್ಕ ಬೀದಿ ನೋಡುತ್ತಾ ಕೂತಿದ್ದಳು. ಕೊನೆಗೆ ಬೇರೆ ದಾರಿ ಕಾಣದೆ, “ಅಕ್ಕ, ಸುಳಿಯೂರು ಗ್ಯಾನ ಅದಾ?” ಎಂದೆ.

“ಎಷ್ಟ್ ಸಲ ಬೀಳ್ಸಿವ್ನಿ, ಗ್ಯಾನ ಇಲ್ವಾ?”

ಕಣ್ಣಿನಲ್ಲಿ ಹಳೆಯ ಸೇನಾಪತಿ ಎದ್ದು ಕೂತಿದ್ದ. ಅಲ್ಲೇ ಪಂದ್ಯ ಕಟ್ಟಿದೆ. ಒಂದು ವಾರದಲ್ಲಿ ಊರನ್ನು ಹೊಸದಾಗಿ ಕಟ್ಟುತ್ತೇನೆ. ಮೂರು ದಾಳಿಗೂ ಬೀಳದಿದ್ದರೆ ಅವಳು ದಿನಾ ಬೀದಿ ತುದಿಯ ಗಣಪತಿ ಗುಡಿಯವರೆಗೆ ನಡೆಯಬೇಕು. ಬಿದ್ದರೆ ನಾನು ಮಂಡಿಯ ಸುದ್ದಿ ಎತ್ತಬಾರದು.

“ಬರ್ಕೊ,” ಎಂದಳು ಅಕ್ಕ. “ಆಮೇಲೆ ನಾ ಅಂಗನ್ನಿಲ್ಲ ಅಂತ ಮೇಷ್ಟ್ರು ಮಾತು ಆಡ್‌ಬ್ಯಾಡ.”

“ನೀನು ಮೋಸ ಮಾಡ್‌ಬ್ಯಾಡ,” ಎನ್ನುತ್ತಾ ಪಂದ್ಯವನ್ನು ಕಾಗದಕ್ಕಿಳಿಸಿದೆ.

ಅಕ್ಕ ನನ್ನನ್ನು ಒಮ್ಮೆ ನೋಡಿ, ಒಳಗಿನ ಟ್ರಂಕಿನ ತಳಕ್ಕೆ ಹಾಸಿದ್ದ ಕಾಗದವನ್ನು ಸೊಸೆಯಿಂದ ತರಿಸಿದಳು. ಹಳದಿ ತಿರುಗಿದ ಗ್ರಾಫ್ ಹಾಳೆ. ನನ್ನದೇ ಕೈಯ ಕೆಂಪು ಕೋಟೆ. ಗೋಡೆಯಲ್ಲಿ, ಹೊಳೆಯ ಕಡೆಗೆ, ಒಂದೇ ಒಂದು ಚೌಕ ಖಾಲಿ.

“ನಾ ಮೋಸ ಮಾಡ್ತಿದ್ನಾ? ನೋಡ್ಲಾ. ನೀನೇ ಬಾಗ್ಲು ಬುಡ್ತಿದ್ದೆ. ಎಂಗಸ್ರು ನೀರ್ಗೆ ಎಲ್ಲಿಗೋಗ್ಬೇಕು ಅಂತ ಕಣ್ಣಲ್ ನೀರ್ ಆಕಂಡು.”

ಇದು ನನಗೆ ಚೂರೂ ನೆನಪಿಲ್ಲ. ಅಪ್ಪನ ಎರಡೇಟಿಗೂ ಹೆದರದೆ ಚೌಕ ಬಿಟ್ಟ ಆ ಹುಡುಗ ಯಾರೋ. ಐವತ್ತು ವರ್ಷ ಅಕ್ಕನ ಮೇಲೆ ಅಪವಾದ ಹೊರಿಸಿಕೊಂಡು ಬಂದಿದ್ದೆ. ಆಧಾರ ಕೇಳುತ್ತಿದ್ದವನ ಮುಂದೆ ಆಧಾರವೇ ಬಂದು ಕೂತಿತ್ತು. ನೆನಪಿನ ಸಹವಾಸ ಬಿಟ್ಟು, ಗೊತ್ತಿರುವವರನ್ನು ಕೇಳಿಯೇ ಈ ಸಲ ಊರು ಕಟ್ಟುವುದೆಂದು ತೀರ್ಮಾನಿಸಿದೆ.

ಮರುದಿನ ಯಳಂದೂರಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಹೊನ್ನೂರಿನ ಮಾದಯ್ಯನವರ ಮುಂದೆ ನಕ್ಷೆ ಹರಡಿದೆ. ಕೆರೆಯ ತೂಬೆತ್ತಿ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಅವರು. ನೀರು ಏನು ಯೋಚಿಸುತ್ತದೆ ಎಂದು ನೀರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ.

“ಯಾವೂರ್ ಸಾ ಇದು?”

“ನಾನೇ ಕಟ್ತಿರಾದು.”

“ಸೈಟ್ ಏನ್ ರೇಟು?”

ಮಾತು ತಪ್ಪಿಸಿ ಹೊಳೆಯನ್ನು ತೋರಿಸಿದೆ. ಅವರು ಬೆರಳಿನಿಂದ ಹೊಳೆಯ ಮೇಲೆ ನಡೆದು ತಿರುವಿನಲ್ಲಿ ನಿಂತರು. “ಒಳೆ ತಿರುಗೋ ಕಡೆ ಒರಗಡೆ ದಡದಲ್ ಗೋಡೆ ನಿಲ್ಸಿದ್ದೀರಲ್ಲ ಸಾ. ನೀರು ಬಂದು ಗುದ್ದಾದೇ ಅಲ್ಗೆ. ಮೂರ್ ಮಳ್ಗಾಲ ತಡೀತದೆ, ಅಷ್ಟೆಯಾ. ಊರ್ನ ಒಳ ಮಗ್ಗುಲ್ಗೆ ತಕಂಡೋಗಿ.”

ರಬ್ಬರು ಹಿಡಿದು ಹತ್ತು ನಿಮಿಷದಲ್ಲಿ ಸಾವಿರ ಮನೆ, ಪೇಟೆ, ಅರಮನೆ ಎಲ್ಲವನ್ನೂ ಆಚೆ ದಡಕ್ಕೆ ಸಾಗಿಸಿದೆ. ಒಬ್ಬನೂ ಪರಿಹಾರ ಕೇಳಲಿಲ್ಲ, ಕೋರ್ಟಿಗೆ ಹೋಗಲಿಲ್ಲ. ಇಲ್ಲದ ಊರಿನ ಸುಖ ಇದು. ಗೋಡೆಯನ್ನು ನೆಟ್ಟಗೆ ನಿಲ್ಲಿಸದೆ ಕೆರೆ ಏರಿಯ ಹಾಗೆ ಒರಗಿಸಲು ಮಾದಯ್ಯ ಹೇಳಿದರು. ನೆಲದ ಕಡೆ ಕಂದಕ ತೋಡುವುದೇ ದಂಡ ಎಂದರು. “ಗದ್ದೆ ಮಾಡಿ, ಮ್ಯಾಲೊಂದ್ ತೂಬು ಮಡಗಿ. ದಂಡು ಬಂದಾಗ ತೂಬೆತ್ತುದ್ರೆ ಆಯ್ತು. ಕೆಸರ್‌ಗದ್ದೆಲಿ ಎತ್ತೇ ತಿಣುಕ್ತವೆ, ಕುದ್ರೆ ಎಲ್ ಬತ್ತದೆ?”

ಬಸ್ಸಿನಲ್ಲಿ ಹಿಂದಿರುಗುವಾಗ ನನ್ನ ಹಳೆಯ ಪಾಠ ನೆನಪಾಯಿತು. ನಮ್ಮ ಪ್ರಾಚೀನ ರಾಜನೀತಿಜ್ಞರು ದುರ್ಗಗಳನ್ನು ಜಲದುರ್ಗ, ಗಿರಿದುರ್ಗ, ವನದುರ್ಗ ಎಂದೆಲ್ಲ ಆರು ಬಗೆಯಾಗಿ ವಿಂಗಡಿಸಿದ್ದರು. ಏಳೋ ಏನೋ, ನೋಡಿ ಹೇಳಬೇಕು. ಪಟ್ಟಿಯಲ್ಲಿ ನೃದುರ್ಗವೆಂಬುದೂ ಒಂದಿತ್ತು, ಮನುಷ್ಯರೇ ಕೋಟೆಯಾಗಿರುವಂಥದ್ದು. ಅದನ್ನು ಮೂವತ್ತು ವರ್ಷ ನಾಲ್ಕು ಅಂಕದ ಪ್ರಶ್ನೆಗಾಗಿ ಬರೆಸಿದೆ. ಯಾವ ಹುಡುಗನೂ ಹಾಗೆಂದರೇನು ಸಾ ಎಂದು ಕೇಳಲಿಲ್ಲ, ಕೇಳಿದ್ದರೆ ಕೆಮ್ಮುತ್ತಿದ್ದೆ.

ವಾರ ಮುಗಿಯುವ ಹೊತ್ತಿಗೆ ಉಳಿದದ್ದು ಆ ಒಂದು ಚೌಕ. ಎರಡು ಸಲ ಕೆಂಪು ತುಂಬಿದೆ, ಎರಡು ಸಲ ಅಳಿಸಿದೆ. ಅಕ್ಕನ ಮೂರನೆಯ ದಾಳಿ ಅಲ್ಲಿಂದಲೇ ಎಂದು ಗೊತ್ತಿದ್ದರೂ ಮುಚ್ಚಲು ಕೈ ಬರಲಿಲ್ಲ. ಹೊಳೆಯ ದಡದಲ್ಲಿದ್ದೂ ಹೊಳೆಗೆ ಇಳಿಯಲಾಗದ್ದು ಊರಲ್ಲ, ಜೈಲು. ಆ ಹುಡುಗ ಯಾರೇ ಆಗಿರಲಿ, ಅವನ ಮಾತು ಸರಿಯಾಗಿತ್ತು. ಬಾಗಿಲನ್ನು ತೆರೆದೇ ಬಿಟ್ಟೆ, ಆದರೆ ಅದನ್ನು ಕಾಯುವುದು ಹೇಗೆಂದು ಹೊಳೆಯಲಿಲ್ಲ. ಸೋಲು ಖಚಿತವೆಂದುಕೊಂಡು ನಕ್ಷೆ ಸುತ್ತಿಕೊಂಡು, ಬಿಸಿಲಿಗೆ ಹೊಸ ಟೋಪಿ ಹಾಕಿಕೊಂಡು ಅಕ್ಕನ ಬೀದಿಗೆ ಕಾಲಿಟ್ಟೆ.

ಮೊದಲ ಜಗಲಿಯಿಂದ ದನಿ ಬಂತು: “ಯಾರ್ ಮನ್ಗೆ?” ಎರಡನೆಯದರಿಂದ: “ಯಾರ್ ಬೇಕಾಗಿತ್ತು?” ಆಚೆಯ ಕುರ್ಚಿಯಿಂದ ಬೀದಿಗೆಲ್ಲ ಕೇಳುವ ಹಾಗೆ ಅಕ್ಕ: “ಯಾರದು ಟೋಪಿಯೋರು? ಯಾರ್ ಮನ್ಗೆ ಬಂದ್ರಿ?”

ನಾನು ಬೀದಿಯ ನಡುವೆ ನಿಂತುಬಿಟ್ಟೆ. ನೃದುರ್ಗವೆಂದರೆ ಏನೆಂದು ಅರವತ್ತೊಂದನೆಯ ವಯಸ್ಸಿನಲ್ಲಿ, ಹಾಡುಹಗಲು, ನನಗೆ ಅರ್ಥವಾಯಿತು.

ನಕ್ಷೆ ಹರಡಿದೆ. ಶಶಿಕಲಾ ಮಗ್ಗ ನಿಲ್ಲಿಸಿ ಬಂದು ಬಾಗಿಲಿಗೆ ಒರಗಿದಳು. ಅಕ್ಕ ಮೊದಲು ಕುದುರೆಯ ದಂಡು ಕಳಿಸಿದಳು. ತೂಬೆತ್ತಿದೆ, ಕುದುರೆಗಳು ಹೊಟ್ಟೆಯವರೆಗೆ ಹೂತುಕೊಂಡವು. ಎರಡನೆಯದಾಗಿ ತುಂಬು ಹೊಳೆಯಲ್ಲಿ ಇನ್ನೂರು ಹರಿಗೋಲು ಬಿಟ್ಟಳು. ತಿರುವಿನಲ್ಲಿ ನೀರಿನ ಸೆಳೆತ ಇರುವುದು ಹೊರಗಿನ ದಡಕ್ಕೆ, ಊರು ಈಗ ಒಳ ದಡದಲ್ಲಿದೆ. ಇನ್ನೂರೂ ಅಲ್ಲಿಗೇ ಹೋಗಿ ಬಡಿದವು. ಅಕ್ಕ ಬೇಸರಪಟ್ಟುಕೊಳ್ಳಲಿಲ್ಲ. ಅವಳ ಬೆರಳು ಖಾಲಿ ಚೌಕದ ಮೇಲೆ ಬಂತು.

“ಬುದ್ಧಿ ಬರ್ನಿಲ್ಲ ಕಣ್ಲಾ ನಿಂಗೆ. ನನ್ ನೂರ್ ಜನ ಸಿಪಾಯ್ರು ಸೀರೆ ಉಟ್ಕಂಡು, ಸೊಂಟದ್ ಮ್ಯಾಲೆ ಕೊಡ ಇಟ್ಕಂಡು, ಸೆರಗು ಮುಚ್ಕಂಡು ಈ ಬಾಗ್ಲಲ್ಲಿ ಬತ್ತಾರೆ. ಆಯ್ತಲ್ಲ, ಎದ್ದೋಗು.”

“ಬರ್ಲಿ. ಅಲ್ಲಿ ಕಾವಲ್ನೋರು ಇಲ್ಲ. ಜಗಲಿ ಮ್ಯಾಲೊಂದು ಎಂಗ್ಸು ಕೂತದೆ, ಅಷ್ಟೆ. ನಿನ್ ಮೊದಲ್ನೆ ಸಿಪಾಯಿನ ಕೇಳ್ತದೆ, ಯಾರ್ ಮನೆ ಸೊಸೆಯವ್ವಾ ನೀನು ಅಂತ.”

“ನಂಜಪ್ಪನ ಮನೆ ಅಂತಾನೆ.”

“ಯಾವ ನಂಜಪ್ಪ? ಮ್ಯಾಗಲ್ ಬೀದಿಯೋನಾ, ಕೆಳಗಲ್ ಬೀದಿಯೋನಾ? ನಿಮ್ಮತ್ತೆ ಕೆಮ್ಮು ವಾಸಿ ಆಯ್ತಾ? ತವ್ರು ಯಾವೂರು? ಅಲ್ಲಿ ಯಾರ್ ಪೈಕಿ? ಮೊನ್ನೆ ನಾಮಕರಣಕ್ಕೆ ಯಾಕ್ ಬರ್ನಿಲ್ಲ?”

ಅಕ್ಕನ ಸಿಪಾಯಿ ನಾಲ್ಕನೆಯ ಪ್ರಶ್ನೆಗೇ ಬೆವೆತಿದ್ದ. ಅವನ ಹಿಂದೆ ತೊಂಬತ್ತೊಂಬತ್ತು ಕೊಡಗಳು ಸಾಲಾಗಿ ನಿಂತಿದ್ದವು. ಅಕ್ಕ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು.

“ಅವ್ಳ ಬಾಯಿ ಕಟ್ಟಾಕುದ್ರೆ?”

“ಅದ್ಕೂ ಮೊದ್ಲು ಒಂದ್ಸಲ ಕೂಗ್ತಾಳೆ. ಮೂರ್ ಬೀದಿಗೆ ಕೇಳ್ತದೆ.”

ಶಶಿಕಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು.

“ಯಾರ್ಲಾ ಅವ್ಳು?” ಎಂದಳು ಅಕ್ಕ.

“ಕುರ್ಚಿ ಆಕಂಡು ಕೂತವ್ಳೆ. ಮಂಡಿ ಆಪರೇಷನ್ ಆಗದೆ.”

ಅಕ್ಕ ನನ್ನನ್ನೂ ನಕ್ಷೆಯನ್ನೂ ಬೀದಿಯನ್ನೂ ಒಂದೊಂದಾಗಿ ನೋಡಿದಳು. “ನನ್ನೇ ಕಾವಲ್ಗಾಕಿ ನನ್ನೇ ತಡೀತೀಯಲ್ಲಲಾ,” ಎಂದಳು. ಆಮೇಲೆ ಒಳಗಿನ ಕಡೆ ಮುಖ ಮಾಡಿ, “ಶಶಿ, ಆ ಟವಲ್ ತೆಗಿ.”

ಗುಡಿಗೆ ನೂರಿಪ್ಪತ್ತು ಹೆಜ್ಜೆ. ಎಣಿಸಿದ್ದೇನೆ, ಇದರಲ್ಲಿ ನೆನಪಿನ ಕೈವಾಡವಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು, ಮಂಡಿಯ ದೆಸೆಯಿಂದಲ್ಲ. ಪ್ರತಿ ಜಗಲಿಯಲ್ಲೂ ತಡೆ: “ಎಲ್ಗೋಯ್ತಿದ್ದೀರಿ ರತ್ನಕ್ಕ?” “ನೋವದಾ?” “ತಮ್ಮಯ್ಯ ಯಾವಾಗ ಬಂದ್ರು?” ಅಕ್ಕ ಒಂದನ್ನೂ ಬಿಡದೆ ಉತ್ತರ ಕೊಟ್ಟು, ಪ್ರತಿಯಾಗಿ ಎರಡೆರಡು ಕೇಳಿ, ಗೆದ್ದ ದಂಡಿನ ಹಾಗೆ ಮುಂದೆ ಸಾಗಿದಳು. ಗುಡಿಯ ಮೆಟ್ಟಿಲಿಗೆ ಕೈಯೂರಿ ನಿಂತು ಬೀದಿಯನ್ನು ಹಿಂದಿರುಗಿ ನೋಡಿದಳು. ಹಣೆಯಲ್ಲಿ ಬೆವರು. “ನೂರಲ್ಲ ಕಣ್ಲಾ, ಸಾವ್ರ ಜನ ಕಳ್ಸಿದ್ರೂ ಬೀಳ್ತಿರ್ನಿಲ್ಲ,” ಎಂದಳು.

ಈಗ ದಿನಾ ನಡೆಯುತ್ತಾಳೆ, ವಾಕರ್ ಇಲ್ಲದೆ. ಜಗಲಿ ಜಗಲಿಗೂ ನಿಂತು ಸುಳಿಯೂರಿನ ಕತೆ ಹೇಳುತ್ತಾಳೆ. ಅದರಲ್ಲಿ ಆ ಹೆಂಗಸನ್ನು ಬಾಗಿಲಲ್ಲಿ ಕೂರಿಸುವ ಉಪಾಯ ಕೊಟ್ಟವಳೂ ಅವಳೇ, ನನಗೆ ನಡಿಗೆಯ ಬುದ್ಧಿ ಹೇಳಿದವಳೂ ಅವಳೇ. ಮೂರು ಸಲ ಕೇಳಿದ ಮೇಲೆ ನನಗೂ ಹಾಗೇ ನೆನಪಾಗತೊಡಗಿದೆ. ಆಧಾರ ನನ್ನ ಮೇಜಿನ ಮೇಲೇ ಇದೆ: ನಕ್ಷೆಯೂ ಇದೆ, ಪಂದ್ಯದ ಕಾಗದವೂ ಇದೆ. ತೋರಿಸಲು ಹೋಗಿಲ್ಲ. ನನ್ನ ನೆನಪಿನ ಗೋಡೆಯಲ್ಲೂ ಒಂದು ಚೌಕ ಖಾಲಿ ಬಿಟ್ಟಿದ್ದೇನೆ. ಅಕ್ಕ ಅಲ್ಲಿಂದ ಬಂದು ಹೋಗಲಿ. ಯಾರ ಮನೆಗೆ ಎಂದು ನಾನು ಕೇಳುವುದಿಲ್ಲ.