ಗೋವಿಂದಜ್ಜ ಕೇಳಿದ ನೀರು

"ನಮ್ಮ ಬಾವಿ ನೀರು ಕೊಡೇ," ಎಂದರು ಹಾಸಿಗೆ ಹಿಡಿದಿದ್ದ ಪಕ್ಕದ ಮನೆಯ ಗೋವಿಂದಜ್ಜ. ಸೊಸೆ ಸುಮಿತ್ರಾ ನನ್ನ ಮುಖ ನೋಡಿದಳು. ಸುತ್ತಲೂ ಬೋರ್‌ವೆಲ್‌ಗಳಾಗಿ ಅಂತರ್ಜಲ ಇಳಿದ ಮೇಲೆ ಕಡಲ ದಂಡೆಯ ದೇವಬಾಗದಲ್ಲಿನ ಅವರ ಬಾವಿಗೆ ಉಪ್ಪುನೀರು ನುಗ್ಗಿತ್ತು. ಪಂಚಾಯಿತಿಯವರು ಬಾವಿಯ ಪಕ್ಕ ಇಂಗುಗುಂಡಿ ತೋಡಿಸಿದಾಗಿನಿಂದ, ಮಳೆನೀರು ಇಂಗಿ ಬಾವಿ ಮತ್ತೆ ಸಿಹಿಯಾದೀತೆಂದು ಅಜ್ಜ ಕಾಯುತ್ತಿದ್ದರು.

ಸುಮಿತ್ರಾ ಟ್ಯಾಂಕರ್ ನೀರನ್ನೇ ಲೋಟಕ್ಕೆ ಬಗ್ಗಿಸಿ ಕುಡಿಸಿದಳು. "ನಮ್ಮ ಬಾವೀದೇ, ಮಾವ."

"ಸಿಹಿ ಆತಲ್ಲೇ. ಗುಂಡಿ ತೋಡಿದ್ದು ಸಾರ್ಥಕ ಆತು," ಎಂದು ಅಜ್ಜ ನಕ್ಕರು. ಮರುದಿನ ತೀರಿಕೊಂಡರು.

ಈಗ ಮತ್ತೆ ಮಳೆಗಾಲ. ಸುಮಿತ್ರಾ ದಿನಾ ಬೆಳಿಗ್ಗೆ ಒಂದು ಕೊಡ ಸೇದಿ, ಬೊಗಸೆಯಲ್ಲಿ ರುಚಿ ನೋಡಿ, ತೆಂಗಿನ ಬುಡಕ್ಕೆ ಸುರಿಯುತ್ತಾಳೆ.