ದೇವುವಿನ ಗಟ್ಟಿ ಸ್ಪ್ರಿಂಗು

ಕೀಂಯ್... ಕಟಕ್! ಹೊಂಡ ಬಂದಾಗಲೆಲ್ಲ ದೇವುವಿನ ಬೈಕಿನ ಹಿಂದಿನ ಶಾಕಪ್ ಹೀಗೆ ಕೂಗುತ್ತಿತ್ತು. ಅದಿರು ಲಾರಿಗಳು ಹೆದ್ದಾರಿಯನ್ನು ಅರೆದು ಹಾಕಿದ್ದ ವರ್ಷಗಳವು, ಹೊಂಡಕ್ಕೇನೂ ಬರವಿರಲಿಲ್ಲ. ಆ ಸದ್ದು ಕೇಳಿದರೆ ಸಾಕು, ಅಂಕೋಲೆಯ ನಮ್ಮ ಕೇರಿಯ ಹೆಂಗಸರು ಪಾತ್ರೆ ಹಿಡಿದು ಗೇಟಿಗೆ ಬರುತ್ತಿದ್ದರು. ಬೆಕ್ಕುಗಳು ಅವರಿಗಿಂತ ಮೊದಲೇ ಬಂದು ಕೂತಿರುತ್ತಿದ್ದವು.

ದೇವು ಮೀನು ಮಾರುವವ. ನಸುಕಿಗೇ ಕಾರವಾರದ ಬೈತಖೋಲ ಬಂದರಿಗೆ ಹೋಗಿ, ಐಸು ಸುರಿದ ಪೆಟ್ಟಿಗೆಯನ್ನು ಹಿಂದೆ ಬಿಗಿದುಕೊಂಡು, ಬಿಣಗಾ, ಅಮದಳ್ಳಿ, ಅವರ್ಸಾ ದಾಟಿ ಬರುತ್ತಿದ್ದ. ಲೋಕದಲ್ಲಿ ಗಟ್ಟಿ ಇದ್ದದ್ದೆಲ್ಲ ಒಳ್ಳೆಯದು ಎಂಬುದೇ ಅವನ ಫಿಲಾಸಫಿ. ಹಗ್ಗ ಗಟ್ಟಿ ಇರಬೇಕು, ಚಹಾ ಗಟ್ಟಿ ಇರಬೇಕು, ಹೆಂಡತಿಯ ಗಂಟಲೂ ಗಟ್ಟಿ ಇರಬೇಕು. ಕಾನ್ವೆಂಟಿನಲ್ಲಿ ಸಿಸ್ಟರುಗಳಿಂದ ಮೆಲುದನಿ ಕಲಿತು ಬಂದ ನನ್ನನ್ನು ಕಂಡರೆ ಅವನಿಗೆ ಕನಿಕರ. "ಅಕ್ಕೋರೆ, ನೀವು ಇಷ್ಟ್ ಸಣ್ಣಕೆ ಮಾತಾಡಿದ್ರೆ ಶಾಲೆಲಿ ಹುಡುಗ್ರು ಹೆಂಗೆ ಹೆದರ್ತಿದ್ರು?" ಎಂದು ಕೇಳುತ್ತಿದ್ದ.

ಒಂದು ದಿನ ಸದ್ದಿಲ್ಲ. ಒಂಬತ್ತಾದರೂ ಮೀನಿಲ್ಲ. ನೋಡಿದರೆ ದೇವು ಗೇಟಿನ ಮುಂದೆಯೇ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾನೆ, ಬೈಕಿನ ಹಿಂದೆ ಹೊಸ ಕೆಂಪು ಸ್ಪ್ರಿಂಗು ಥಳಥಳ!

"ಹುಬ್ಬಳ್ಳಿ ಬಾಜಾರದ್ದು ಅಕ್ಕೋರೆ. ಕಂಪನಿ ಶಾಕಪ್ಪು ಯಾರಿಗೆ ಬೇಕು? ಇದು ಅರ್ಧ ರೇಟಿಗೆ ಬಂತು. ಭಾರ ಹೊರೂಕೇ ಮಾಡಿದ್ದು, ಭಾಳ ಗಟ್ಟಿ."

ಗಟ್ಟಿಯೇನೋ ಹೌದು. ಪೆಟ್ಟಿಗೆ ತುಂಬಿದ್ದಾಗ ಬೈಕು ಆನೆಯ ಹಾಗೆ ಗಂಭೀರವಾಗಿ ಬರುತ್ತಿತ್ತು. ಪೆಟ್ಟಿಗೆ ಖಾಲಿಯಾಯಿತೋ, ಕತ್ತೆಯ ಹಾಗೆ ಒದೆಯುತ್ತಿತ್ತು. ಮೊದಲ ದಿನ ವಾಪಸು ಹೋಗುವಾಗ ಅವರ್ಸಾದ ಹೊಂಡದಲ್ಲಿ ಎಗರಿ ನಾಲಿಗೆ ಕಚ್ಚಿಕೊಂಡನಂತೆ. ಬದಲಾಯಿಸಲು ಮರ್ಯಾದೆ ಅಡ್ಡ ಬಂತು. ಮಾರನೆಯ ದಿನದಿಂದ ಖಾಲಿ ಪೆಟ್ಟಿಗೆಯಲ್ಲಿ ಎರಡು ಕೆಂಪುಕಲ್ಲು ಇಟ್ಟುಕೊಂಡು ಹೋಗತೊಡಗಿದ. "ಅಂಕೋಲೆಲಿ ಮೀನು, ಕಾರವಾರದಲ್ಲಿ ಕಲ್ಲು ಮಾರ್ತೀಯೇನೋ?" ಎಂದು ಇಡೀ ಕೇರಿ ನಕ್ಕಿತು.

ಆ ಜೂನಿನಲ್ಲಿ ನನ್ನ ಯಜಮಾನರ ಬಲಗಣ್ಣಿನಲ್ಲಿ ಮಿಂಚು ಹೊಡೆಯತೊಡಗಿತು. ಅವರು ಗಣಿತದ ಮೇಷ್ಟ್ರು. ಎಡಗಣ್ಣು ಚಿಕ್ಕಂದಿನಲ್ಲೇ ಮಂಜಾಗಿತ್ತು, ಓದು ಬರಹವೆಲ್ಲ ಬಲಗಣ್ಣಿನದೇ. ಮರುದಿನ ಬೆಳಿಗ್ಗೆ, "ಕೆಳಗಿನಿಂದ ಕಪ್ಪು ಪರದೆ ಏರ್ತಾ ಇದೆ ಕಣೇ" ಎಂದರು. ಡಾಕ್ಟರು ನೋಡಿ, "ರೆಟಿನಾ ಡಿಟ್ಯಾಚ್ ಆಗ್ತಾ ಇದೆ. ಇವತ್ತೇ ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಹೋಗಿ. ತಲೆ ಅಲುಗಬಾರದು. ನೋ ಜರ್ಕ್ಸ್, ಪ್ಲೀಸ್" ಎಂದರು. ಮಧ್ಯಾಹ್ನದ ರೈಲು ತಪ್ಪಿದರೆ ಆ ದಿನವೇ ತಪ್ಪಿದಂತೆ.

ಸ್ಟೇಷನ್ನಿಗೆಂದು ಹತ್ತಿದ ರಿಕ್ಷಾ ಹೆದ್ದಾರಿ ಮುಟ್ಟಿದ್ದೇ ನಿಂತುಬಿಟ್ಟಿತು. ಕಣ್ಣು ಹಾಯುವಷ್ಟು ದೂರ ಅದಿರು ಲಾರಿಗಳು. ಡ್ರೈವರು ಇಳಿದು ನೋಡಿ ಬಂದ. "ಮುಂದೆ ಎರಡು ಲಾರಿ ಎದುರಾಬದುರು ಸಿಕ್ಕಂಡವೆ ಅಮ್ಮಾ. ಸಂಜೆ ತನಕ ಬಿಡೂದಿಲ್ಲ ಇದು."

ಯಜಮಾನರು ನನ್ನ ಕೈ ಹಿಡಿದರು. "ಪರದೆ ಅರ್ಧಕ್ಕೆ ಬಂತು" ಎಂದರು, ಬೋರ್ಡಿನ ಮೇಲಿನ ಲೆಕ್ಕ ಹೇಳುವ ದನಿಯಲ್ಲಿ.

ಆಗ ಲಾರಿಗಳ ಪಕ್ಕದ ಕೆಸರಂಚಿನಲ್ಲಿ ದೇವು ಬಂದ. ನಾನು ಎರಡು ಮಾತು ಹೇಳುವುದರೊಳಗೆ ಹಗ್ಗ ಬಿಚ್ಚಿ, ಮೀನಿನ ಪೆಟ್ಟಿಗೆಯನ್ನು ರಿಕ್ಷಾದವನ ಸೀಟಿನ ಮೇಲೆ ಇಳಿಸಿದ. ಯಜಮಾನರನ್ನು ಹತ್ತಿಸಿಕೊಂಡು ನನ್ನ ಕಡೆ ತಿರುಗಿದ.

"ಅಕ್ಕೋರೆ, ನೀವೂ ಹತ್ತಿ."

"ಮೂರು ಜನವಾ? ಆರ್ ಯು ಮ್ಯಾಡ್, ದೇವು?"

"ಮಾಸ್ತರ್ರು ಕಡ್ಡಿ ಹಂಗೆ ಇದ್ದಾರೆ. ಅವ್ರೊಬ್ರನ್ನೇ ಕೂರಿಸ್ಕಂಡ್ರೆ ಗಾಡಿ ಒದೀತದೆ. ಪೆಟ್ಟಿಗೆ ಭಾರ ಬೇಕು."

"ನಾನು ನಿನಗೆ ಮೀನಿನ ಪೆಟ್ಟಿಗೆಯಾ?"

"ಒಂದಲ್ಲ, ಎರಡು ಪೆಟ್ಟಿಗೆ! ಹತ್ತಿ, ರೈಲು ನಿಮ್ಮ ಸಿಟ್ಟು ಕಾಯೂದಿಲ್ಲ."

ಸೀರೆ ಎತ್ತಿ ಕಟ್ಟಿ, ಗಂಡಸರ ಹಾಗೆ ಕಾಲು ಹಾಕಿ ಕೂತೆ. ಸ್ಪ್ರಿಂಗು ನನ್ನ ಕೆಳಗೆ ಮೆಲ್ಲಗೆ ತಗ್ಗಿತು. ಯಜಮಾನರ ತಲೆಯನ್ನು ಎರಡೂ ಅಂಗೈಗಳಲ್ಲಿ ಹಿಡಿದೆ. ಒಂದು ಕಡೆ ಲಾರಿಗಳ ಚಕ್ರ, ಇನ್ನೊಂದು ಕಡೆ ನೀರು ತುಂಬಿದ ಗಟಾರ. ನಡುವೆ ಒಂದು ಮೊಳ ಕೆಸರು. ಪ್ರತಿ ಹೊಂಡದ ಮುಂದೂ ಬೈಕು ನಿಂತಂತಾಗಿ, ಇಳಿದು, ಮತ್ತೆ ಏರುತ್ತಿತ್ತು. ಒಂದು ಕಡೆ ಹಿಂದಿನ ಚಕ್ರ ಗಟಾರದತ್ತ ಜಾರಿತು. ನನ್ನ ಬಾಯಿಂದ ಕಾನ್ವೆಂಟಿನ ಪ್ರಾರ್ಥನೆ "ಹೇಲ್ ಮೇರಿ" ಹೊರಟೇಬಿಟ್ಟಿತು, ಮನೆದೇವರ ಹೆಸರಲ್ಲ! ದೇವು ಕಾಲೂರಿದ, ಬೈಕು ನಿಂತಿತು. ಅಂಗೈಯೊಳಗಿನ ತಲೆ ಅಲುಗಲಿಲ್ಲ.

ರೈಲು ಸಿಕ್ಕಿತು. ಆಪರೇಷನ್ ಆಯಿತು. ಕಣ್ಣು ಎಷ್ಟು ಉಳಿದೀತೆಂದು ಮಾತ್ರ ಯಾರೂ ಹೇಳಲಿಲ್ಲ. "ಲೆಟ್ ಅಸ್ ವೇಟ್" ಎಂದರು. ಯಜಮಾನರು ನನ್ನೆದುರು ಕಾಣುತ್ತದೆ ಎನ್ನುತ್ತಿದ್ದರು, ಪೇಪರು ಮಾತ್ರ ಮುಟ್ಟುತ್ತಿರಲಿಲ್ಲ. ನನಗೆ ಕೇಳಲು ಧೈರ್ಯವಿರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ದೇವು ಬಂದ. ಯಜಮಾನರು ಜಗಲಿಯಲ್ಲಿ ಕೂತಿದ್ದರು. ಗೇಟಿನ ಸುತ್ತ ಕೇರಿಯ ಹೆಂಗಸರು. ದೇವು ಪೆಟ್ಟಿಗೆಯಿಂದ ಒಂದು ಮೀನು ತೆಗೆದು ಎತ್ತಿ ಹಿಡಿದ.

"ಮಾಸ್ತರ್ರೆ, ಎಡಗಣ್ಣು ಮುಚ್ಕಣಿ. ಇದು ಎಂತದು ಹೇಳಿ ಕಾಂಬ."

ಯಜಮಾನರು ಎಡಗಣ್ಣು ಮುಚ್ಚಿದರು. ನಾನು ಕಂಬ ಹಿಡಿದೆ.

"ನೋಗ್ಲಿ" ಎಂದರು. ನೋಗ್ಲಿಯೇ ಅದು! ನಾನು ಉಸಿರು ಬಿಡುವಷ್ಟರಲ್ಲಿ ಅವರು ಮುಂದಕ್ಕೆ ಬಾಗಿದರು. "ಕಿವಿರು ಸ್ವಲ್ಪ ಬಿಡಿಸು ನೋಡುವಾ... ಬಿಳಿಚಿಕೊಂಡಿದೆಯಲ್ಲೋ. ನಿನ್ನೆಯ ಮೀನು ತಂದಿದ್ದೀಯ, ದೇವು."

ಹೆಂಗಸರು ಒಬ್ಬೊಬ್ಬರೇ ಪಾತ್ರೆ ಬೆನ್ನ ಹಿಂದೆ ಮಾಡಿದರು. ದೇವು ಮೀನನ್ನೂ ಯಜಮಾನರನ್ನೂ ನೋಡಿದ. ಆಮೇಲೆ ಕೇರಿಗೆಲ್ಲ ಕೇಳುವ ಹಾಗೆ ಕೂಗಿದ: "ಮಾಸ್ತರ್ರಿಗೆ ಕಣ್ ಬಂತು, ನನ್ ವ್ಯಾಪಾರ ಹೋಯ್ತು!"

ಮುಂದಿನ ವಾರದಿಂದ ಬೇರೆ ಯಾರೋ ಮೀನು ತಂದರು. ದೇವು ಗೋವಾದ ಬೋಟಿಗೆ ಸೇರಿದನಂತೆ. ಆ ಬೆಳಿಗ್ಗೆ ಒಂದೂ ಮೀನು ಮಾರದೆ, ತುಂಬಿದ ಪೆಟ್ಟಿಗೆ ಹೊತ್ತು, ತಿರುವಿನ ತನಕ ನಗುತ್ತಲೇ ಹೋದನಲ್ಲ, ಅವನನ್ನು ನಾನು ನೋಡಿದ್ದು ಅದೇ ಕೊನೆ.